ಹಿಂದೆ ಕೂತವನ ಕೈಗಳು

ಪತ್ರಿಕೆಗಳಲ್ಲಿ ಇಂಥ ನಂಬಲಾಗದ ಅನುಭವದ ಬರಹ ಕಂಡಾಗಲೆಲ್ಲ ಎರಡನೆಯ ಪ್ಯಾರಾಕ್ಕೇ ಪುಟ ತಿರುವುತ್ತಿದ್ದವನು ನಾನು. ವಿಮಾ ಕಚೇರಿಯಲ್ಲಿ ಕೂತು ಇಪ್ಪತ್ತೆಂಟು ವರ್ಷ ಅಪಘಾತದ ಅರ್ಜಿಗಳನ್ನು ಓದಿದ್ದೇನೆ. "ನನಗೇನೂ ತಿಳಿಯದು ಸಾರ್, ತಾನಾಗಿಯೇ ಆಯಿತು" ಎಂದು ಯಾರಾದರೂ ಬರೆದರೆ ಆ ಸಾಲಿನ ಕೆಳಗೆ ಕೆಂಪು ಗೆರೆ ಎಳೆಯುವುದು ನನ್ನ ಕೆಲಸ. ಯಾವುದೂ ತಾನಾಗಿ ಆಗುವುದಿಲ್ಲ, ಯಾರೋ ಬ್ರೇಕು ಒತ್ತಿರುವುದಿಲ್ಲ, ಯಾರೋ ಸ್ವಿಚ್ಚು ಆರಿಸಿರುವುದಿಲ್ಲ, ಅಷ್ಟೇ. ಈ ನಂಬಿಕೆಯಲ್ಲಿ ನೆಮ್ಮದಿಯಾಗಿದ್ದೆ. ಈಗ ಅದೇ ಸಾಲನ್ನು ನಾನೇ ಬರೆಯಬೇಕಾಗಿ ಬಂದಿದೆ. ಓದುವವರು ಕೆಂಪು ಗೆರೆ ಎಳೆದರೆ ನನ್ನದೇನೂ ತಕರಾರಿಲ್ಲ.

ನಡೆದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಆರು ವರ್ಷದ ಹಿಂದೆ ದಸರಾ ರಜೆಯಲ್ಲಿ, ಧಾರವಾಡದ ಒಂದು ಸಂಗೀತ ಸಂಗ್ರಹಾಲಯದೊಳಗೆ, ಹಾಡಹಗಲು ಹನ್ನೆರಡೂವರೆಗೆ, ನಾಲ್ಕು ಜನ ಸೇರಿ ನನ್ನನ್ನು ಹೊಡೆದರು. ಅವರಲ್ಲಿ ಒಬ್ಬಳು ನನ್ನ ಹೆಂಡತಿ. ಅವರು ಹೊಡೆದದ್ದು ಸರಿಯಾಗಿಯೇ ಇತ್ತು. ನಾನು ನನ್ನ ಮಗಳ ಕುತ್ತಿಗೆ ಹಿಚುಕುತ್ತಿದ್ದೆ. ಅವರ ಕಣ್ಣಿಗೆ ಕಂಡದ್ದು ಹಾಗೆ.

ನನ್ನ ಬಗ್ಗೆಯೂ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ನೀವು ಯಾವನೋ ಮೀಸೆ ತಿರುವುವ ಗಂಡಸನ್ನು ಕಲ್ಪಿಸಿಕೊಂಡೀರಿ. ನಾನು ಮನೆಗೆ ಬೀಗ ಹಾಕಿದ ಮೇಲೆ ಮೂರು ಸಲ ಜಗ್ಗಿ ನೋಡುವವನು. ಬೀದಿಯ ತಿರುವಿನಿಂದ ಗ್ಯಾಸು ಆರಿಸಿದೆನೋ ಇಲ್ಲವೋ ಎಂದು ವಾಪಸು ಬರುವವನು. ಬಸ್ಸಿನಲ್ಲಿ ತುರ್ತು ಬಾಗಿಲ ಪಕ್ಕದ ಸೀಟಿಗಾಗಿ ಜಗಳವಾಡುವವನು, ಜಗಳ ಎಂದರೆ ಮೆಲ್ಲಗೆ ವಿನಂತಿಸುವವನು. ಐವತ್ತೊಂದು ವಯಸ್ಸಿಗೂ ಉಗುರು ಕಚ್ಚುವ ಚಟ ಬಿಟ್ಟಿಲ್ಲ. ನನ್ನ ಹತ್ತು ಬೆರಳಲ್ಲಿ ಒಂದರಲ್ಲೂ ಕೆರೆದುಕೊಳ್ಳಲು ಸಾಕಾಗುವಷ್ಟು ಉಗುರಿಲ್ಲ. ಈ ಉಗುರಿನ ಮಾತು ನೆನಪಿನಲ್ಲಿರಲಿ.

ಮಗಳು ಮುಕ್ತಾಗೆ ಆಗ ಹತ್ತೊಂಬತ್ತು. ದಾವಣಗೆರೆಯಲ್ಲಿ ಎಂಟು ವರ್ಷದಿಂದ ಹಿಂದೂಸ್ತಾನಿ ಹಾಡುಗಾರಿಕೆ ಕಲಿಯುತ್ತಿದ್ದಳು. ಅವಳನ್ನು ಪಾಠಕ್ಕೆ ಒಬ್ಬಳೇ ಕಳಿಸಲು ಹೆದರಿ ಜೊತೆಗೆ ಹೋಗಿ ಹೋಗಿ, ಸುಮ್ಮನೆ ಕೂತಿರಲಾಗದೆ, ನಾನು ತಂಬೂರಿ ಮೀಟುವುದನ್ನು ಕಲಿತೆ. ನಾಲ್ಕು ತಂತಿ, ಎರಡು ಬೆರಳು, ಒಂದೇ ಸಮನೆ ಮೀಟುತ್ತಿದ್ದರಾಯಿತು. ಚಿಂತೆ ಮಾಡುವವನಿಗೆ ಅದಕ್ಕಿಂತ ಒಳ್ಳೆಯ ಕೆಲಸವಿಲ್ಲ. ಅವಳು ಹಾಡುತ್ತಾಳೆ, ನಾನು ಅವಳ ಬೆನ್ನ ಹಿಂದೆ ಕೂತು ಮೀಟುತ್ತೇನೆ. ತಂಬೂರಿಯವರು ಹಾಡುವವರ ಹಿಂದೆ ಕೂಡುವುದು ರೂಢಿ. ಎಂಟು ವರ್ಷ ನಾನು ಮಗಳ ಮುಖಕ್ಕಿಂತ ಅವಳ ಬೆನ್ನು, ಜಡೆಯನ್ನೇ ಹೆಚ್ಚು ನೋಡಿದ್ದೇನೆ. ಅವಳು ಯಾವ ಸ್ವರಕ್ಕೆ ಅಂಜುತ್ತಾಳೆ ಎಂಬುದು ಭುಜ ಏರುವುದರಲ್ಲೇ ನನಗೆ ತಿಳಿಯುತ್ತಿತ್ತು.

ಆ ದಸರಾಕ್ಕೆ ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿರುವ ನನ್ನ ಹೆಂಡತಿಯ ತಮ್ಮ ಬಸಣ್ಣನ ಮನೆಗೆ ಹೋಗಿದ್ದೆವು. ಬಸಣ್ಣ ಹತ್ತಿ, ಕಾಳಿನ ವ್ಯಾಪಾರಿ. ಬೆಳಿಗ್ಗೆ ಪೂಜೆ ಮುಗಿಸಿ ಹಣೆತುಂಬ ವಿಭೂತಿ ಬಳಿದುಕೊಂಡು ಬಂದು ಕೂತರೆ ನಾಷ್ಟಾದ ಮಣೆಯ ಮೇಲೆ ಎಲ್ಲರ ಕಾಲೆಳೆಯುವವನು. ನಾನು ಹುಟ್ಟಿದ್ದು ಧಾರವಾಡದಲ್ಲೇ ಆದ್ದರಿಂದ ಅವನ ಮುಂದೆ ಕೂತರೆ ನನ್ನ ನಾಲಿಗೆಯೂ ಹಳೆಯ ಜಾಡಿಗೆ ಬೀಳುತ್ತದೆ.

ಅಂದು ಬೆಳಿಗ್ಗೆ ಮಂಡಕ್ಕಿ ಒಗ್ಗರಣೆ ತಿನ್ನುತ್ತಿದ್ದಾಗ ಮುಕ್ತಾ ಎಲ್ಲರ ಎದುರೇ ಮಾತು ತೆಗೆದಳು.

"ಅಪ್ಪಾ, ನಾ ಪುಣೆಕ್ಕ ಹೋಗತೇನಿ. ಅಲ್ಲಿ ಗುರುಗಳು ಹೂಂ ಅಂದಾರ."

"ಅಲ್ಲೆ ಯಾರ ಮನ್ಯಾಗ ಇರತಿ? ಜ್ವರ ಬಂದ್ರ ಯಾರು ನೋಡತಾರ?"

"ನಿನಗ ಜ್ವರ ಬರೂಕಿಂತ ಮೊದ್ಲ ಗುಳಿಗಿ ನುಂಗೂ ಚಟ ಐತಿ. ನನಗಿಲ್ಲ."

ಬಸಣ್ಣ ನಕ್ಕ. ಅದು ನನಗೆ ತಾಕಿತು. ಎಂಟು ವರ್ಷ ಅವಳ ಹಿಂದೆ ಕೂತು ಮೀಟಿದವನಿಗೆ ಒಂದು ಮಾತು ಕೇಳದೆ ಪುಣೆ ಗಟ್ಟಿಮಾಡಿಕೊಂಡಿದ್ದಾಳೆ ಎಂಬುದು ಅದಕ್ಕಿಂತ ಹೆಚ್ಚು ತಾಕಿತು. ತಾಟು ಸರಿಸಿ ಎದ್ದು ನಿಂತು ಹೇಳಿದೆ: "ಇನ್ನೊಮ್ಮೆ ಪುಣೆ ಅಂದಿ ಅಂದ್ರ ಕುತ್ತಿಗಿ ಹಿಚಕತೇನಿ ನೋಡ!"

ನಮ್ಮ ಕಡೆ ದಿನಕ್ಕೆ ನೂರು ಅಪ್ಪಂದಿರು ಈ ಮಾತು ಆಡುತ್ತಾರೆ. ಆಡಿ, ಚಹಾ ಕುಡಿದು, ಮರೆಯುತ್ತಾರೆ. ಬಸಣ್ಣನಂತೂ ಹೊಟ್ಟೆ ಹಿಡಿದುಕೊಂಡು ನಕ್ಕ. "ಮಾಮಾ, ಮೊದ್ಲ ಒಂದು ಸೊಳ್ಳಿ ಹೊಡಿಯೂದು ಕಲೀರಿ!"

ಜಗಳ ತಣ್ಣಗಾಗಲಿ ಎಂದು ಅವನೇ ನಮ್ಮನ್ನು ಕಾರಿನಲ್ಲಿ ಹಾಕಿಕೊಂಡು ಸಂಗ್ರಹಾಲಯಕ್ಕೆ ಹೊರಟ. ಲಕಮನಹಳ್ಳಿಯ ಕಾರ್ಖಾನೆಗಳ ಸಾಲು ದಾಟಿ ಸ್ವಲ್ಪ ಮುಂದೆ, ದಿಬ್ಬದ ಮೇಲೆ, ಹೊಸದಾಗಿ ಎದ್ದ ಕಟ್ಟಡ. ದೂರದಿಂದ ನೋಡಿದರೆ ಯಾವನೋ ರಾಕ್ಷಸ ತಂಬೂರಿಯನ್ನು ನೆಲದಲ್ಲಿ ಅರ್ಧ ಹುಗಿದು ಹೋದಂತಿತ್ತು. ಬುರುಡೆಯಂಥ ಕೆಂಪು ಗುಮ್ಮಟ, ಅದರಿಂದ ಓರೆಯಾಗಿ ಆಕಾಶಕ್ಕೆ ಎದ್ದ ಉದ್ದ ದಂಡಿ, ದಂಡಿಯ ತುದಿಯಿಂದ ಗುಮ್ಮಟದ ಬುಡಕ್ಕೆ ಬಿಗಿದ ನಾಲ್ಕು ಉಕ್ಕಿನ ಹಗ್ಗ. ಗಾಳಿ ಬೀಸಿದರೆ ಆ ಹಗ್ಗಗಳು ಗುಂಯ್‌ಗುಡುತ್ತಿದ್ದವು. ಎಲ್ಲರೂ ಬಾಯಿ ತೆರೆದು ನೋಡುತ್ತಿದ್ದರೆ ನಾನು, ಅದರಲ್ಲೊಂದು ಹರಿದರೆ ಯಾರ ಕುತ್ತಿಗೆಗೆ ಬಂದು ಬೀಳಬಹುದು ಎಂದು ಅಂದಾಜು ಹಾಕಿ, ಹೆಂಡತಿ ಮಗಳನ್ನು ಹತ್ತು ಹೆಜ್ಜೆ ಈಚೆಗೆ ಎಳೆದುಕೊಂಡೆ.

"ನೋಡ್ರಿ, ಶುರು ಆತು," ಎಂದಳು ಹೆಂಡತಿ ಗಿರಿಜಾ.

ಒಳಗೆ ಗಾಜಿನ ಪೆಟ್ಟಿಗೆಗಳಲ್ಲಿ ಸಾರಂಗಿ, ಪಖವಾಜು, ಬಾಯಿ ಸೀಳಿದ ಶಹನಾಯಿ. ಒಂದು ಮೂಲೆಯಲ್ಲಿ ವಾದ್ಯ ರಿಪೇರಿಯ ಕೋಣೆ. ಬಂದವರಿಗೆ ಕೆಲಸ ಕಾಣಲಿ ಎಂದು ಅದಕ್ಕೂ ಗಾಜಿನ ಗೋಡೆ. ಒಳಗೆ ಮೋದಿನಸಾಬ ಎಂಬ ಎಪ್ಪತ್ತರ ಮುದುಕ, ಕಿವಿಯಲ್ಲಿ ಪೆನ್ಸಿಲು ಸಿಕ್ಕಿಸಿಕೊಂಡು, ಕಪ್ಪಾದ ಒಂದು ಹಳೆಯ ತಂಬೂರಿಗೆ ಹೊಸ ತಂತಿ ಏರಿಸಿ ಮುಗಿಸಿದ್ದರು. ಮೂರು ತಲೆಮಾರಿನಿಂದ ಅವರ ಮನೆತನದ ಕಸುಬೇ ಅದಂತೆ. ಅವರು ತಂತಿಯ ಕೆಳಗೆ ನೂಲಿನ ಎಳೆ ಸರಿಸಿ ಒಮ್ಮೆ ಮೀಟಿದರು. ಆ ನಾದ ಕೇಳಿ ಮುಕ್ತಾ ಗಾಜಿಗೆ ಕೈಯೂರಿ ನಿಂತುಬಿಟ್ಟಳು. ಬೆಳಗಿನಿಂದ ನನ್ನ ಮುಖ ನೋಡದವಳು ತಿರುಗಿ ನೋಡಿದಳು. "ಅಪ್ಪಾ, ಎಂಥಾ ಜವಾರಿ ದನಿ ಐತಿ ನೋಡು!"

ಗುಮ್ಮಟದ ಕೆಳಗೊಂದು ದುಂಡನೆಯ ಕಟ್ಟೆ ಇತ್ತು. ಹಾಡಲು ಬರುವವರು ಅಲ್ಲಿ ಕೂತು ಐದು ನಿಮಿಷ ಹಾಡಬಹುದಿತ್ತು. ಶ್ರುತಿಗೆ ಎಲೆಕ್ಟ್ರಾನಿಕ್ ಪೆಟ್ಟಿಗೆ ಇಟ್ಟಿದ್ದರು. ನಾನು ಬದುಕಿನಲ್ಲಿ ಒಮ್ಮೆ ಧೈರ್ಯ ಮಾಡಿದ್ದೆಂದರೆ ಆಗ. ಮಗಳನ್ನು ಒಲಿಸಿಕೊಳ್ಳಬೇಕಿತ್ತು. ಅಲ್ಲಿಯ ಉಸ್ತುವಾರಿ ನೋಡುವ ಹೆಣ್ಣುಮಗಳ ಹತ್ತಿರ ಹೋಗಿ, ನಮ್ಮ ಹುಡುಗಿ ಪೆಟ್ಟಿಗೆಯ ಜೊತೆ ಹಾಡುವವಳಲ್ಲ, ಈಗ ತಂತಿ ಏರಿಸಿದ ಆ ತಂಬೂರಿ ಕೊಡಿ, ನಾನೇ ಮೀಟುತ್ತೇನೆ ಎಂದೆ. ಆಕೆ ಮುಕ್ತಾಳ ಎರಡು ಆಲಾಪ ಕೇಳಿ, ಸಂತೋಷದಿಂದಲೇ ಒಪ್ಪಿದಳು.

ಮೋದಿನಸಾಬರು ತಂಬೂರಿಯನ್ನು ನನ್ನ ಕೈಗಿಡುವಾಗ ಸ್ವಲ್ಪ ತಡೆದರು.

"ಬಾರಸ್ರಿ, ಆಗಲಿ. ಆದ್ರ ಅಕಿ ಹಿಂದ ಕೂಡಬ್ಯಾಡ್ರಿ. ಮುಂದ ಕೂಡ್ರಿ."

"ಮುಂದ ಕೂತ್ರ ಹಾಡಾಕಿಗೆ ಬೆನ್ನು ತೋರಿಸಿದಂಗ ಆಗತೈತಲ್ರಿ ಚಾಚಾ?"

"ತೋರಸ್ರಿ. ಬೆನ್ನು ತೋರಿಸಿದ್ರ ಯಾರೂ ಸಾಯೂದಿಲ್ಲ."

ಮುದುಕರ ಚೇಷ್ಟೆ ಎಂದುಕೊಂಡೆ. ಬಸಣ್ಣನಂತೂ "ಮಾಮಾನ ಬೆನ್ನೂ ನೋಡೂ ಹಂಗಿಲ್ರಿ, ಮುಖಾನೂ ನೋಡೂ ಹಂಗಿಲ್ಲ" ಎಂದು ಮಾತನ್ನು ಹಾರಿಸಿಬಿಟ್ಟ. ನಾನು ರೂಢಿ ಬಲ್ಲವನು, ಹಾಡುವವರ ಎದುರಿಗೆ ಬೆನ್ನು ಹಾಕಿ ಕೂಡುವಷ್ಟು ಸಂಸ್ಕಾರಗೇಡಿಯಲ್ಲ ಎಂಬ ಜಂಬವೂ ಇತ್ತು. ಮಾಡಬೇಡ ಎಂದದ್ದನ್ನು ನಾನು ಮಾಡಿದ್ದು ಹೀಗೆ, ಮರ್ಯಾದೆಗಾಗಿ. ಬೀಗವನ್ನು ಮೂರು ಸಲ ಜಗ್ಗುವವನು ಆ ಮಾತನ್ನು ಮಾತ್ರ ಒಮ್ಮೆಯೂ ಜಗ್ಗಿ ನೋಡಲಿಲ್ಲ.

ಕಟ್ಟೆಯ ಮೇಲೆ ಮುಕ್ತಾ ಕೂತಳು, ಒಂದು ಮೊಳ ಹಿಂದೆ ನಾನು. ನನ್ನ ಬೆನ್ನಿಗೆ ಗುಮ್ಮಟದ ಗೋಡೆ, ನಡುವೆ ನಾಲ್ಕು ಬೆರಳು ಸಂದು ಇದ್ದೀತು. ಎದುರಿಗೆ ಗಿರಿಜಾ, ಬಸಣ್ಣ, ಕೈಚೀಲ ತೊಡೆಯ ಮೇಲಿಟ್ಟುಕೊಂಡ ಒಬ್ಬ ದಪ್ಪ ಹೆಂಗಸು, ಬಾಗಿಲಲ್ಲಿ ಲಾಠಿ ಹಿಡಿದ ಕಾವಲುಗಾರ. ಇನ್ನೂ ಏಳೆಂಟು ಜನ ಆಚೀಚೆ ಇದ್ದರು. ಮೇಲಿನ ಕಿಂಡಿಯಿಂದ ಮಧ್ಯಾಹ್ನದ ಬಿಸಿಲು ಅವಳ ಜಡೆಯ ಮೇಲೆ ಬಿದ್ದಿತ್ತು. ಕತ್ತಲಿರಲಿಲ್ಲ, ನೆರಳೂ ಇರಲಿಲ್ಲ.

ನಾನು ಮೀಟತೊಡಗಿದೆ. ಗುಮ್ಮಟದಲ್ಲಿ ನಾದ ಸುತ್ತಿ ವಾಪಸು ಬರುತ್ತಿತ್ತು. ಮುಕ್ತಾ ಷಡ್ಜ ಹಿಡಿದಳು. ಎರಡು ನಿಮಿಷ ಎಲ್ಲವೂ ಚೆನ್ನಾಗಿತ್ತು. ಆಮೇಲೆ ಏನೋ ತಪ್ಪುತ್ತಿದೆ ಎನ್ನಿಸಿತು. ನಾನು ಮೀಟಿದ ಮೇಲೆ ವಾಪಸು ಬರಬೇಕಾದ ನಾದ ಮೀಟುವ ಮೊದಲೇ ಬರುತ್ತಿತ್ತು. ಕಿವಿಗೆ ಮೊದಲು, ಬೆರಳಿಗೆ ಆಮೇಲೆ. ಬೆರಳನ್ನು ತಡೆದೆ. ತಂತಿ ತಡೆಯಲಿಲ್ಲ.

ಆಗ ನನ್ನ ಎರಡೂ ಹೆಗಲ ಮೇಲೆ ಭಾರ ಬಿತ್ತು. ಹಿಂದಿನಿಂದ, ಗೋಡೆ ಇದ್ದ ಕಡೆಯಿಂದ, ಎರಡು ಕೈ ನನ್ನ ಹೆಗಲ ಮೇಲಿಂದ ಮುಂದಕ್ಕೆ ಚಾಚಿದವು. ನಾನು ಅಂದು ಅರ್ಧ ತೋಳಿನ ಅಂಗಿ ಹಾಕಿದ್ದೆ. ಆ ಕೈಗಳಿಗೆ ಪೂರ್ತಿ ತೋಳಿತ್ತು, ಮಾಸಿದ ಬಿಳಿ ಬಟ್ಟೆ, ಮಣಿಕಟ್ಟಿನಲ್ಲಿ ಒಂದು ಗುಂಡಿ ಕಿತ್ತುಹೋಗಿತ್ತು. ಅವು ಅವಸರ ಮಾಡಲಿಲ್ಲ. ಮುಕ್ತಾಳ ಜಡೆಯನ್ನು ಪಕ್ಕಕ್ಕೆ ಸರಿಸಿದವು, ತಾಯಿ ಹೂ ಮುಡಿಸುವಾಗ ಸರಿಸುವಂತೆ. ಆಮೇಲೆ ಕುತ್ತಿಗೆ ಹಿಡಿದವು.

ಅವಳ ಸ್ವರ ನಡುವೆಯೇ ತುಂಡಾಯಿತು. ಕಾಲು ಕಟ್ಟೆಗೆ ಬಡಿಯತೊಡಗಿತು. ನಾನು ತಂಬೂರಿ ಬಿಟ್ಟು ಆ ಮಣಿಕಟ್ಟುಗಳನ್ನು ಹಿಡಿದೆ. ತಣ್ಣಗಿದ್ದವು, ತಂಬೂರಿಯ ಬಿರಡೆಯ ಕಟ್ಟಿಗೆಯಷ್ಟು ಗಟ್ಟಿ. ಇದ್ದಬದ್ದ ಬಲವೆಲ್ಲ ಹಾಕಿ ಎಳೆದೆ. ಎಳೆದಷ್ಟೂ ಅವು ಬಿಗಿದವು. ತಂಬೂರಿಯ ತಂತಿಯೊಂದು ಹರಿದು ಚಾವಟಿಯಂತೆ ನನ್ನ ಕೆನ್ನೆಗೆ ಬಾರಿಸಿತು. ಇನ್ನೊಂದು ಹರಿಯಿತು, ಮತ್ತೊಂದು. ಬಾಯಿಗೆ ರಕ್ತದ ಉಪ್ಪು ಬಂತು. "ಬಿಡಸ್ರಿ, ಯಾರರೆ ಬಿಡಸ್ರಿ!" ಎಂದು ಕೂಗಿದೆ. ಕೂಗಿದ್ದು ನನಗೆ ಚೆನ್ನಾಗಿ ನೆನಪಿದೆ. ಆದರೆ ಅಲ್ಲಿದ್ದ ಒಬ್ಬರೂ ಅದನ್ನು ಕೇಳಿಲ್ಲ. ನನ್ನ ಬಾಯಿಂದ ಬರುತ್ತಿದ್ದದ್ದು ಅವಳು ನಿಲ್ಲಿಸಿದ ಷಡ್ಜ, ಅದನ್ನು ನಾನು ಮುಂದುವರಿಸುತ್ತಿದ್ದೆ ಎಂದು ಎಲ್ಲರೂ ಹೇಳುತ್ತಾರೆ. ಅದೂ ಶ್ರುತಿ ತಪ್ಪದೆ. ನನಗೆ ಹಾಡಲು ಬರುವುದಿಲ್ಲ.

ಆಮೇಲಿನದು ಏಟುಗಳ ಲೆಕ್ಕ. ಬಸಣ್ಣ ಹಾರಿ ಬಂದು ಪಕ್ಕೆಗೆ ಒದ್ದ. ಎರಡು ಎಲುಬು ಬಿರುಕು ಬಿಟ್ಟದ್ದು ಅವನ ಪಾಲಿನದು. ಗಿರಿಜಾ ನೀರಿನ ಸ್ಟೀಲು ಬಾಟಲಿಯಿಂದ ತಲೆಗೆ ಮೂರು ಸಲ ಹೊಡೆದಳು. ಮದುವೆಯಾಗಿ ಇಪ್ಪತ್ಮೂರು ವರ್ಷದಲ್ಲಿ ಅವಳು ನನ್ನನ್ನು ಹಾಗೆ ನೋಡಿದ್ದು ಅದೇ ಮೊದಲು. "ಬಿಡೋ! ಬಿಡೋ ಭಾಡ್ಯಾ, ನನ್ನ ಮಗಳನ್ನ ಬಿಡೋ!" ಎಂದು ಅವಳು ಏಕವಚನದಲ್ಲಿ ಕಿರುಚಿದ್ದು ಆ ಮೂರು ಏಟಿಗಿಂತ ಹೆಚ್ಚು ನೋಯಿಸಿತು. ಕಾವಲುಗಾರನ ಲಾಠಿ ಮೊಣಕೈ ಮೇಲೆ ಬಿತ್ತು. ದಪ್ಪ ಹೆಂಗಸು ಕೈಚೀಲ ಬೀಸಿದಳು. ಅದರಲ್ಲಿ ಏನಿತ್ತೋ, ನನ್ನ ಮುಂದಿನ ಹಲ್ಲು ಅಲ್ಲೇ ಉದುರಿತು. ಯಾವುದಕ್ಕೂ ಹಿಡಿತ ಸಡಿಲಾಗಲಿಲ್ಲ. ಮುಕ್ತಾಳ ಕಾಲು ಬಡಿಯುವುದು ನಿಧಾನವಾಯಿತು. ತಂಬೂರಿ ಕಟ್ಟೆಯಿಂದ ಬಿದ್ದು ಬುರುಡೆ ಒಡೆದು ಚೂರಾಯಿತು. ಒಂದೇ ಒಂದು ತಂತಿ, ದಪ್ಪ ಹಿತ್ತಾಳೆಯದು, ಹರಿಯದೆ ಉಳಿದು ಇನ್ನೂ ಮೊರೆಯುತ್ತಿತ್ತು.

ಮೋದಿನಸಾಬರು ಓಡಿ ಬಂದದ್ದು ಆಗ. ಅವರು ನನ್ನನ್ನು ಮುಟ್ಟಲಿಲ್ಲ, ಮಗಳನ್ನು ಮುಟ್ಟಲಿಲ್ಲ. ಮಂಡಿಯೂರಿ ಕೂತು, ಕೈಯಲ್ಲಿದ್ದ ಇಕ್ಕಳದಿಂದ ಆ ಕೊನೆಯ ತಂತಿಯನ್ನು ಕತ್ತರಿಸಿದರು.

ಹೆಗಲಿನ ಭಾರ ಇಳಿಯಿತು. ನನ್ನ ಕೈಯಲ್ಲಿ ಯಾರ ಮಣಿಕಟ್ಟೂ ಇರಲಿಲ್ಲ. ನನ್ನ ಕೈ ಮಗಳ ಕುತ್ತಿಗೆಯ ಮೇಲೆ ಇತ್ತು. ಅದನ್ನು ನಾನೂ ನೋಡಿದೆ. ಬಿಟ್ಟೆ. ಅವಳು ಮುಂದಕ್ಕೆ ಬಿದ್ದು, ಒಂದು ಭಯಂಕರ ಸದ್ದಿನಿಂದ ಉಸಿರೆಳೆದುಕೊಂಡಳು. ಅಷ್ಟು ಇಂಪಾದ ಸದ್ದನ್ನು ನಾನು ಜೀವಮಾನದಲ್ಲಿ ಕೇಳಿಲ್ಲ.

ತನ್ನ ಕೊನೆಯ ಒದೆತಕ್ಕೇ ನಾನು ಬಿಟ್ಟದ್ದು ಎಂದು ಬಸಣ್ಣ ಇಂದಿಗೂ ಹೇಳುತ್ತಾನೆ. ಇರಬಹುದು. ಒದೆತ ಚೆನ್ನಾಗಿತ್ತು.

ಪೊಲೀಸರು ಆಸ್ಪತ್ರೆಗೇ ಬಂದರು. ಬೆಳಿಗ್ಗೆ ನಾಷ್ಟಾದ ಹೊತ್ತಿನಲ್ಲಿ ನಾನು ಆಡಿದ ಮಾತನ್ನು ಬಸಣ್ಣ ಅಳುತ್ತಲೇ ಹೇಳಿಬಿಟ್ಟ. "ನಾ ನಕ್ಕೆ ಸಾಹೇಬ್ರ, ನಾ ನಕ್ಕಬಿಟ್ಟೆ," ಎನ್ನುತ್ತಿದ್ದ. ನೂರು ಅಪ್ಪಂದಿರ ಆ ಮಾತು ಪೊಲೀಸರ ಕಾಗದದ ಮೇಲೆ ಬೇರೆಯೇ ಥರ ಕಂಡಿತು. ನಾನು ಹೇಳಿದ್ದನ್ನೂ ಬರೆದುಕೊಂಡರು. ಬರೆದುಕೊಳ್ಳುತ್ತಿದ್ದ ಹವಾಲ್ದಾರ ಒಂದು ಸಾಲಿಗೆ ತಲೆಯೆತ್ತಿ ನನ್ನ ಮುಖ ನೋಡಿದ. ಆ ನೋಟ ನನಗೆ ಗೊತ್ತು. ಇಪ್ಪತ್ತೆಂಟು ವರ್ಷ ನಾನೇ ಹಾಗೆ ನೋಡಿದ್ದೇನೆ.

ಮುಕ್ತಾಗೆ ದನಿ ಇರಲಿಲ್ಲ. ಅವರು ಕೊಟ್ಟ ಹಾಳೆಯಲ್ಲಿ ಎರಡೇ ಪದ ಬರೆದಳು: "ಅಪ್ಪ ಬಿಡಿಸುತ್ತಿದ್ದ." ದೂರು ಇಲ್ಲ ಎಂದು ಕೆಳಗೆ ಸಹಿ ಹಾಕಿದಳು.

ಸಂಗ್ರಹಾಲಯದ ಕ್ಯಾಮೆರಾದಲ್ಲಿ ದಾಖಲಾದದ್ದನ್ನು ನಮಗೂ ತೋರಿಸಿದರು. ಕ್ಯಾಮೆರಾ ಪಕ್ಕದ ಗೋಡೆಯ ಮೇಲಿತ್ತು. ಕಾಣುವುದು ಬಾಗಿದ ನನ್ನ ಬೆನ್ನು, ಮುಂದೆ ಚಾಚಿದ ನನ್ನ ಮೊಣಕೈ. ಮೂರನೆಯವರ ಕೈ ಎಲ್ಲೂ ಇಲ್ಲ. ಆದರೆ ನಾನು ತಂಬೂರಿ ಬಿಟ್ಟ ಮೇಲೂ ಅದು ಬೀಳದೆ, ಸ್ವಲ್ಪ ಹೊತ್ತು ನೆಟ್ಟಗೆ ನಿಂತಿತ್ತು. ನಿಮ್ಮ ಹೆಗಲಿಗೆ ಆನಿಕೊಂಡಿತ್ತು ಎಂದ ಬಸಣ್ಣ. ಇರಬಹುದು.

ಇನ್ನು ಉಗುರಿನ ಮಾತು. ಮುಕ್ತಾಳ ಕುತ್ತಿಗೆಯ ಎರಡೂ ಬದಿಗೆ ನಾಲ್ಕು ನಾಲ್ಕು ಗೀರು ಬಿದ್ದಿದ್ದವು, ಎಳೆಯ ಚಂದ್ರನ ಆಕಾರ, ಆಳವಾಗಿ. ಡಾಕ್ಟರು ಉಗುರಿನ ಗುರುತು ಎಂದರು. ನಾನು ನನ್ನ ಹತ್ತು ಬೆರಳನ್ನು ಅವರ ಮುಂದೆ ಚಾಚಿದೆ. ಅವರು ಒಂದೊಂದನ್ನೇ ತಿರುವಿ ನೋಡಿದರು. ಗಿರಿಜಾ ತಗ್ಗಿದ ದನಿಯಲ್ಲಿ, "ಬಿಡಸೂ ಹೊತ್ತಿಗೆ ನನ್ನ ಉಗುರು ತಾಕಿರಬೇಕು," ಎಂದಳು. ಅದೂ ಇರಬಹುದು. ಎಲ್ಲವೂ ಇರಬಹುದು. ಅದೇ ನನ್ನ ತೊಂದರೆ.

ದಾವಣಗೆರೆಗೆ ಬಂದ ಮೇಲೆ ಗಿರಿಜಾ ಮಗಳ ಕೋಣೆಯಲ್ಲಿ ಮಲಗತೊಡಗಿದಳು, ಒಳಗಿನಿಂದ ಚಿಲಕ ಹಾಕಿಕೊಂಡು. ಮಲಗುವ ಮುಂಚೆ ಗ್ಯಾಸು, ಬೀಗ, ನಲ್ಲಿ ನೋಡಿಕೊಂಡು ಬಂದು, ಕೊನೆಗೆ ಆ ಬಾಗಿಲನ್ನೂ ಹೊರಗಿನಿಂದ ಮೆಲ್ಲಗೆ ದೂಡಿ ನೋಡುತ್ತಿದ್ದೆ, ಚಿಲಕ ಬಿದ್ದಿದೆಯೋ ಇಲ್ಲವೋ ಎಂದು. ಅಷ್ಟು ವರ್ಷ ಯಾರ್ಯಾರಿಂದಲೋ ಮಗಳನ್ನು ಕಾಯುತ್ತಿದ್ದವನು ಆಗ ನನ್ನಿಂದ ಕಾಯುತ್ತಿದ್ದೆ. ಒಂದು ರಾತ್ರಿ ಒಳಗಿನಿಂದ ಗಿರಿಜಾಳ ದನಿ ಬಂತು: "ಬಿದ್ದೈತ್ರಿ. ಮಲಕೋರಿ." ಅದರಲ್ಲಿ ಸಿಟ್ಟಿರಲಿಲ್ಲ.

ಮುಕ್ತಾಗೆ ದನಿ ಬರಲು ಹನ್ನೊಂದು ದಿನ ಹಿಡಿಯಿತು. ಹನ್ನೆರಡನೆಯ ದಿನ ಅಡುಗೆಮನೆಯ ಬಾಗಿಲಲ್ಲಿ ನಿಂತು, ಒರಟು ಗಂಟಲಿನಲ್ಲಿ ಹೇಳಿದಳು: "ಕೈ ನಾಕು ಇದ್ದವು ಅಪ್ಪಾ. ಎರಡು ಹಿಚಕಾಕತ್ತಿದ್ದವು, ಎರಡು ಜಗ್ಗಾಕತ್ತಿದ್ದವು."

ನಾನು ಕೇಳಬಾರದ್ದನ್ನು ಕೇಳಿದೆ. "ಖರೇನ ಹೇಳಾಕತ್ತಿಯೋ, ನನ್ನ ಸಮಾಧಾನಕ್ಕೋ? ಎರಡ್ರಾಗ ನನ್ನವು ಯಾವು?"

ಅವಳು ಬಹಳ ಹೊತ್ತು ನನ್ನ ಕೈಗಳನ್ನು ನೋಡಿದಳು. ಒಳಗೆ ಹೋಗುವಾಗ ಅಂದಳು, "ನನಗ ನಿನ್ನ ಅಂಜಿಕಿ ಇಲ್ಲಪ್ಪಾ. ಆದ್ರ ನೀ ಹಿಂದ ಕೂಡಬ್ಯಾಡ."

ಪುಣೆಗೆ ನಾನೇ ಕಳಿಸಿದೆ. ಜ್ವರ ಬಂದರೆ ಯಾರು ನೋಡುತ್ತಾರೆ ಎಂದು ಕೇಳಲಿಲ್ಲ. ನನಗೆ ಬೇಕಾಗಿದ್ದದ್ದು ಒಂದೇ, ನನ್ನ ಮಗಳು ಇನ್ನೊಮ್ಮೆ ನನಗೆ ಬೆನ್ನು ಕೊಟ್ಟು ನಿಶ್ಚಿಂತೆಯಾಗಿ ಕೂಡಬಲ್ಲಳೇ ಎಂದು ತಿಳಿಯುವುದು. ಅದನ್ನು ಕೇಳಿ ತಿಳಿಯುವ ದಾರಿ ಇರಲಿಲ್ಲ.

ಮಾರನೆಯ ವರ್ಷ ಒಬ್ಬನೇ ಮೋದಿನಸಾಬರನ್ನು ಹುಡುಕಿಕೊಂಡು ಹುಬ್ಬಳ್ಳಿಗೆ ಹೋದೆ. ಅವರು ಸಂಗ್ರಹಾಲಯ ಬಿಟ್ಟು ಮನೆಯಲ್ಲೇ ಹಾರ್ಮೋನಿಯಂ ಬಿಚ್ಚಿಕೊಂಡು ಕೂತಿದ್ದರು. ಚಹಾ ತರಿಸಿದರು. ಆ ತಂಬೂರಿ ಯಾರದು ಎಂದು ಕೇಳಿದೆ. ಒಬ್ಬ ಹಾಡುವ ಮೇಷ್ಟರದು, ಅವರು ತೀರಿಹೋಗಿ ನಲವತ್ತು ವರ್ಷವಾಯಿತು ಎಂದರು.

"ನಮ್ಮಪ್ಪನ ಕಡೆ ರಿಪೇರಿಗೆ ಬರತಿತ್ರಿ. ಆ ಮೇಷ್ಟ್ರು ಗ್ವಾಡಿಗೆ ಬೆನ್ನು ಹಚ್ಚಿನ ಹಾಡತಿದ್ರು. ತಂಬೂರಿಯಂವ ಮುಂದ ಕೂಡಬೇಕು, ಅವರ ಕಣ್ಣೆದುರಿಗೆ. ಹಿಂದ ಯಾರನ್ನೂ ಕೂಡಸ್ಕೊಳ್ಳತಿದ್ದಿಲ್ಲ. ಹೆಂಡ್ತೀನ್ನೂ ಇಲ್ಲ, ಮಗನ್ನೂ ಇಲ್ಲ."

"ಯಾಕ್ರಿ ಚಾಚಾ?"

"ಗೊತ್ತಿಲ್ರಿ. ನಮ್ಮಪ್ಪ ಕೇಳಲಿಲ್ಲ, ನಾನೂ ಕೇಳಲಿಲ್ಲ. ಗಿರಾಕಿ ಹೆಂಗ ಕೂಡತಾನ ಅಂತ ಕೇಳೂದು ನಮ್ಮ ಕಸಬಲ್ಲ. ವಾದ್ಯ ಹೆಂಗ ಇಡಬೇಕು ಅನ್ನೂದು ಅಷ್ಟ ನಮಗ ಹೇಳಿರತಾರ. ನಾ ನಿಮಗ ಅದನ್ನ ಹೇಳಿದ್ದೆ."

"ತಂತಿ ಯಾಕ ಕತ್ತರಿಸಿದ್ರಿ?"

ಅವರು ಬಸಿಯಲ್ಲಿದ್ದ ಚಹಾ ಮುಗಿಸಿದರು. "ಬುರುಡಿ ಒಡದ ಮ್ಯಾಲೆ ತಂತಿ ಬಿಗಿಯಾಗಿ ಇರಬಾರದ್ರಿ. ದಂಡಿ ಡೊಂಕಾಗತೈತಿ," ಎಂದರು. ಅದು ನಿಜವಾದ ಕಾರಣವೋ, ನನ್ನನ್ನು ಸಾಗಹಾಕಲು ಹೇಳಿದ್ದೋ, ಅವರ ಮುಖದಿಂದ ತಿಳಿಯಲಿಲ್ಲ. ಎರಡನೆಯ ಸಲ ಹೋಗಬೇಕೆನ್ನುವಷ್ಟರಲ್ಲಿ ಅವರೂ ಹೋದರು.

ಹೇಳಬೇಕಾದ್ದು ಇಷ್ಟೇ. ಆ ಕೈಗಳು ಇದ್ದವೆಂದು ನಾನು ಆಣೆ ಮಾಡಲಾರೆ. ಆ ಬೆಳಿಗ್ಗೆ ನನ್ನೊಳಗೆ ಎಷ್ಟು ಸಿಟ್ಟಿತ್ತು ಎಂಬುದನ್ನೂ ಈಗ ಅಳೆಯಲಾರೆ. ತಾಟು ಸರಿಸಿದ ಕೈ ನನ್ನದೇ ಆಗಿತ್ತು.

ಈ ವರ್ಷ ಗೌರಿ ಹಬ್ಬಕ್ಕೆ ಮುಕ್ತಾ ಮನೆಗೆ ಬಂದಿದ್ದಳು. ದನಿ ಈಗ ಸ್ವಲ್ಪ ಭಾರವಾಗಿದೆ, ಕೇಳಿದವರು ಅದನ್ನೇ ಮೆಚ್ಚುತ್ತಾರಂತೆ. ಬೆಳಿಗ್ಗೆ ಹೂವಿನ ಮಾರ್ಕೆಟ್ಟಿಗೆ ಹೊರಟವಳು ತಾಯಿಯ ಸ್ಕೂಟರನ್ನು ಗೇಟಿನ ಹೊರಗೆ ನಿಲ್ಲಿಸಿ, ತಿರುಗಿ ನೋಡದೆಯೇ ಕೂಗಿದಳು: "ಅಪ್ಪಾ, ಬಾ, ಹತ್ತು. ಹಿಂದ ಕೂಡು."

ಗಿರಿಜಾ ಬಾಗಿಲಲ್ಲಿ ನಿಂತಿದ್ದಳು. ಒಮ್ಮೆ ನನ್ನ ಮುಖ ನೋಡಿದಳು, ಒಮ್ಮೆ ಮಗಳ ಬೆನ್ನು. ನಾನು ಹೋಗಿ ಕೂತೆ. ಆರು ವರ್ಷದ ಮೇಲೆ ಆ ಜಡೆ ಮತ್ತೆ ನನ್ನ ಮುಖಕ್ಕೆ ಒಂದು ಗೇಣು ದೂರದಲ್ಲಿತ್ತು. ಅವಳ ಭುಜ ಏರಿರಲಿಲ್ಲ, ಆರಾಮಾಗಿತ್ತು. ಏನೋ ಗುನುಗುತ್ತ ಗಾಡಿ ಬಿಟ್ಟಳು. ನಾನು ಎರಡೂ ಕೈಯನ್ನು ನನ್ನ ಬೆನ್ನ ಹಿಂದೆ ಒಯ್ದು ಸೀಟಿನ ಹಿಂದಿನ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡೆ.

ಪ್ರತಿ ಸಿಗ್ನಲಿನಲ್ಲೂ ತಿರುಗಿ ನೋಡಿಕೊಂಡೆ, ಎರಡೂ ಅಲ್ಲೇ ಇವೆಯೇ ಎಂದು.